ಅಡ್ಮಿನ್ ಪಾಸ್‌ವರ್ಡ್ ನನ್ನ ಬಳಿಯೇ ಇತ್ತು, ಆದರೂ ಕಳವಾಯಿತು

ಮಕ್ಕಳಿಗೆ ಕಂಪ್ಯೂಟರ್‌ನಲ್ಲಿ ಬೇರೆ ಖಾತೆ ಮಾಡಿಕೊಟ್ಟು, ಅಡ್ಮಿನ್ ಪಾಸ್‌ವರ್ಡ್ ತಮ್ಮ ಬಳಿ ಇಟ್ಟುಕೊಂಡು ನಿಶ್ಚಿಂತೆಯಿಂದ ಇರುವ ಅಪ್ಪ ಅಮ್ಮಂದಿರು ಇದನ್ನು ಓದಬೇಕು. ಕಳೆದ ಬೇಸಿಗೆ ರಜೆಯವರೆಗೆ ನಾನೂ ಹಾಗೆಯೇ ನಿಶ್ಚಿಂತನಾಗಿದ್ದೆ.

ಎಂಟನೇ ತರಗತಿಯ ಮಗನಿಗೆ ಒಂದು ಗೇಮ್ ಬೇಕಿತ್ತು. ಇನ್‌ಸ್ಟಾಲ್ ಮಾಡಲು ಹೋದಾಗಲೆಲ್ಲ ವಿಂಡೋಸ್ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತಿತ್ತು. ಮೂರು ಸಲ ನನ್ನನ್ನು ಕರೆದ. ಮೂರು ಸಲವೂ ‘ಭಾನುವಾರ ನೋಡೋಣ’ ಎಂದೆ. ಭಾನುವಾರ ಬಂತು, ಹೋಯಿತು.

ಅಷ್ಟರಲ್ಲಿ ಯಾವುದೋ ವಿಡಿಯೊದ ಕೆಳಗೆ ಅವನಿಗೊಂದು ಕೊಂಡಿ ಸಿಕ್ಕಿತು: ಅದೇ ಗೇಮ್, ಅಡ್ಮಿನ್ ಪಾಸ್‌ವರ್ಡ್ ಬೇಡ. ಜಿಪ್ ಫೈಲಿಗೇ ಒಂದು ಪಾಸ್‌ವರ್ಡ್, 1234. ಆಂಟಿವೈರಸ್ ಇಣುಕದಿರಲಿ ಎಂದೇ ಇಂಥ ಬೀಗ ಹಾಕಿರುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು. ಅವನು ತೆರೆದು ಕ್ಲಿಕ್ ಮಾಡಿದ. ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಯಿತು. ಗೇಮ್ ಬರಲಿಲ್ಲ. ಫೈಲು ಕೆಟ್ಟಿದೆ ಎಂದುಕೊಂಡು ಕ್ರಿಕೆಟ್ ಆಡಲು ಹೋದ.

ಮರುದಿನ ಬೆಳಿಗ್ಗೆ ತಂಗಿಯ ಫೋನು: ‘ಅಣ್ಣ, ದುಡ್ಡಿಗೆ ಅಷ್ಟೊಂದು ತೊಂದರೆಯಾಗಿದ್ದರೆ ಮೇಲ್ ಯಾಕೆ, ಫೋನ್ ಮಾಡಬಾರದಿತ್ತೇ?’

ನಾನು ಯಾವ ಮೇಲನ್ನೂ ಕಳಿಸಿರಲಿಲ್ಲ. ಒಟಿಪಿಯೂ ಬಂದಿರಲಿಲ್ಲ. ತಲೆ ಕೆಟ್ಟಿದ್ದು ಅಲ್ಲಿಯೇ. ಒಟಿಪಿ ಇಲ್ಲದೆ ಒಳಗೆ ಬಂದದ್ದು ಹೇಗೆ? ಸಿನಿಮಾ ಮಧ್ಯಂತರದಲ್ಲಿ ಚಹಾಕ್ಕೆ ಹೊರಗೆ ಹೋದವನು ಹರಿದ ಅರ್ಧ ಟಿಕೆಟ್ ತೋರಿಸಿ ಮತ್ತೆ ಒಳಗೆ ಬರುತ್ತಾನಲ್ಲ, ಬ್ರೌಸರಿನಲ್ಲಿಯೂ ಅಂಥದ್ದೊಂದು ಅರ್ಧ ಟಿಕೆಟ್ ಇರುತ್ತದೆ, ಅದೇ ಕುಕೀ. ಅದನ್ನು ನಕಲು ಮಾಡಿಕೊಂಡವನನ್ನು ಬಾಗಿಲಲ್ಲಿ ಯಾರೂ ಏನೂ ಕೇಳುವುದಿಲ್ಲ. ಹಿಂದೊಮ್ಮೆ ಶಾಲೆಯ ಫೀಸ್ ರಸೀದಿ ಪ್ರಿಂಟ್ ತೆಗೆಯಲು ಮಗನ ಖಾತೆಯಲ್ಲಿಯೇ ನನ್ನ ಮೇಲ್ ತೆರೆದವನು ನಾನು. ಲಾಗ್ ಔಟ್ ಮಾಡದೆ ಎದ್ದುಹೋದವನೂ ನಾನೇ. ಮಗ ಕ್ಲಿಕ್ ಮಾಡಿದ ಆ ಫೈಲು ಕದ್ದದ್ದು ಅಲ್ಲಿ ಉಳಿದಿದ್ದ ಕುಕೀಯನ್ನೇ.

‘ಅಪ್ಪಾ, ನಿಮ್ಮ ಪಾಸ್‌ವರ್ಡ್ ನಾನು ಮುಟ್ಟಲೇ ಇಲ್ಲ’ ಎಂದು ಮಗ ಅಳತೊಡಗಿದ. ಅವನ ಮಾತು ನಿಜ. ಅಡ್ಮಿನ್ ಪಾಸ್‌ವರ್ಡ್ ಕಾಯುವುದು ವಿಂಡೋಸನ್ನು, ಇಡೀ ಕಂಪ್ಯೂಟರಿನ ಸೆಟ್ಟಿಂಗುಗಳನ್ನು. ಮಗನ ಖಾತೆಯೊಳಗೆ ಓಡುವ ಪ್ರೋಗ್ರಾಮಿಗೆ ಅದೇ ಖಾತೆಯ ಫೋಟೊ, ಕಡತ, ಬ್ರೌಸರಿನಲ್ಲಿ ಉಳಿಸಿಟ್ಟ ಗುಟ್ಟುಗಳನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲ. ಆದ್ದರಿಂದ ‘ಪಾಸ್‌ವರ್ಡ್ ಕೇಳಲಿಲ್ಲ’ ಎಂದರೆ ಅಪಾಯವಿಲ್ಲ ಎಂದು ತಿಳಿಯಬೇಡಿ.

ಗಾಬರಿಯಲ್ಲಿ ನಾನು ಮಾಡಿದ ಇನ್ನೊಂದು ದಡ್ಡತನ: ಅದೇ ಕಂಪ್ಯೂಟರಿನಲ್ಲಿ ಕುಳಿತು ಪಾಸ್‌ವರ್ಡ್ ಬದಲಿಸಿದ್ದು. ಕಳ್ಳ ಇನ್ನೂ ಮನೆಯೊಳಗಿದ್ದರೆ ಹೊಸ ಕೀಲಿಯನ್ನೂ ಅವನ ಕೈಗೇ ಕೊಟ್ಟಂತೆ. ಮೊದಲು ಇಂಟರ್‌ನೆಟ್ ಕಿತ್ತುಹಾಕಿ. ಬೇರೆ ಮೊಬೈಲಿನಿಂದ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್ ಔಟ್ ಮಾಡಿ. ನಿಮಗೆ ಬಂದ ಮೇಲ್ ತಾನಾಗಿಯೇ ಬೇರೆಯವರಿಗೂ ಹೋಗುವಂತೆ ನಿಮಗೆ ಗೊತ್ತಿಲ್ಲದ ಫಾರ್ವರ್ಡಿಂಗ್ ವಿಳಾಸ ಸೇರಿದೆಯೇ ಎಂದು ಮೇಲ್ ಸೆಟ್ಟಿಂಗ್‌ನಲ್ಲಿ ನೋಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಮ್ಮದು ಹೋಗಲಿಲ್ಲ, ತಂಗಿ ಫೋನ್ ಮಾಡಿ ಕೇಳಿದ್ದರಿಂದ. ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿಸಿದೆವು.

ಮಗನಿಗೆ ಈಗಲೂ ಬೇರೆ ಖಾತೆಯೇ. ನನ್ನ ಮೇಲ್ ಮಾತ್ರ ಅಲ್ಲಿ ತೆರೆಯುವುದಿಲ್ಲ. ಆ ಗೇಮ್ ತಯಾರಕರ ಜಾಲತಾಣದಲ್ಲಿ ಉಚಿತವಾಗಿಯೇ ಇತ್ತು. ಪಕ್ಕದಲ್ಲಿ ಕುಳಿತು, ಪ್ರಕಾಶಕರ ಹೆಸರು ಓದಿ, ಪಾಸ್‌ವರ್ಡ್ ಒತ್ತಿದೆ. ಐದು ನಿಮಿಷ ಹಿಡಿಯಿತು.