ಒಂದೇ ಸಂಖ್ಯೆ ಬರೆದ ‘ಪವರ್ ಟೆಸ್ಟ್’ ಚೀಟಿಯನ್ನು ನಂಬಬೇಡಿ

ಇಂಗ್ಲೆಂಡಿನಲ್ಲಿದ್ದು ಫೀಲ್ಡ್ ಟಾರ್ಗೆಟ್ ಶೂಟಿಂಗ್ (ಬಯಲಿನಲ್ಲಿ ಬೇರೆ ಬೇರೆ ದೂರದಲ್ಲಿಟ್ಟ ಗುರಿಗಳಿಗೆ ಏರ್ ರೈಫಲಿನಿಂದ ಹೊಡೆಯುವ ಆಟ) ಶುರು ಮಾಡಿರುವ, ಸೆಕೆಂಡ್ ಹ್ಯಾಂಡ್ ಏರ್ ರೈಫಲ್ ಹುಡುಕುತ್ತಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಗಡಿಯವರು ‘ಟೆಸ್ಟ್ ಆಗಿದೆ, 11.1 ಬಂದಿದೆ’ ಅಂತ ಚೀಟಿ ಕೊಟ್ಟರೆ ಅಷ್ಟಕ್ಕೇ ದುಡ್ಡು ಎಣಿಸಬೇಡಿ.

ಇಲ್ಲಿ ಏರ್ ರೈಫಲಿನಿಂದ ಹೊರಡುವ ಗುಂಡಿನ ಶಕ್ತಿಗೆ ಮಿತಿ 12 ಫುಟ್-ಪೌಂಡ್, ಅಂದರೆ 16.27 ಜೂಲ್. ಫೀಲ್ಡ್ ಟಾರ್ಗೆಟ್ ವಿಶ್ವ ಮಟ್ಟದ ಸ್ಪರ್ಧೆಯಲ್ಲೂ ಇದೇ ಲೆಕ್ಕ. ಆದರೆ ಇಂಗ್ಲೆಂಡಿನಲ್ಲಿ ಇದು ಬರೀ ಆಟದ ನಿಯಮ ಅಲ್ಲ. 12 ದಾಟಿದ ರೈಫಲ್ ಇಟ್ಟುಕೊಳ್ಳಲು ಪೊಲೀಸರು ಕೊಡುವ ಫೈರ್‌ಆರ್ಮ್ ಸರ್ಟಿಫಿಕೇಟ್ ಬೇಕು. ಅದಿಲ್ಲದೆ ಸಿಕ್ಕಿಬಿದ್ದರೆ 1968ರ ಬಂದೂಕು ಕಾಯ್ದೆ ಪ್ರಕಾರ 5 ವರ್ಷದವರೆಗೆ ಜೈಲು ಆಗಬಹುದು. ‘ನನಗೆ ಗೊತ್ತಿರಲಿಲ್ಲ ಸಾರ್’ ಅನ್ನೋ ಮಾತು ನಡೆಯೋದಿಲ್ಲ. ವೀಸಾ ಮೇಲೆ ಇರುವವರಿಗೆ ಇದು ಎಂಥ ತಲೆನೋವು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಾನು ಕೊಂಡಿದ್ದು ಸಿಲಿಂಡರಿನಲ್ಲಿ ಗಾಳಿ ತುಂಬಿಸುವ ಪಿಸಿಪಿ ರೈಫಲ್, ರೆಗ್ಯುಲೇಟರ್ (ಪ್ರತಿ ಗುಂಡಿಗೂ ಗಾಳಿಯ ಒತ್ತಡ ಒಂದೇ ಸಮ ಇಡುವ ಭಾಗ) ಇಲ್ಲದ ಹಳೇ ಮಾದರಿ. ನೋಂದಾಯಿತ ಡೀಲರ್ ಹತ್ತಿರವೇ ತಗೊಂಡೆ. ಅಂಗಡಿಯ ಹೆಸರು ಹೇಳೋದಿಲ್ಲ. ಅವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: 8.44 ಗ್ರೇನ್ (ಗುಂಡಿನ ತೂಕದ ಅಳತೆ) ಪೆಲ್ಲೆಟ್ (ಏರ್ ರೈಫಲಿನ ಪುಟ್ಟ ಗುಂಡು), ಸೆಕೆಂಡಿಗೆ 770 ಅಡಿ, 11.1 ಫುಟ್-ಪೌಂಡ್. ಕೆಳಗೆ ಸಹಿ, ಸೀಲು. ನೋಡೋಕೆ ಪಕ್ಕಾ.

ಸ್ಪರ್ಧೆಯ ದಿನ ಅರ್ಧ ಕೋರ್ಸ್ ಮುಗಿಸಿದ ಮೇಲೆ ಕ್ರೋನೋ (ಗುಂಡಿನ ವೇಗ ಅಳೆಯುವ ಯಂತ್ರ, ಕ್ರೋನೋಗ್ರಾಫ್) ತಪಾಸಣೆಗೆ ಕರೆದರು. ಒಂದು ಮಡಚುವ ಮೇಜು, ಅದರ ಮೇಲೆ ಕ್ರೋನೋಗ್ರಾಫ್, ಪಕ್ಕದಲ್ಲಿ ಪೆಲ್ಲೆಟ್ ತೂಗುವ ಪುಟ್ಟ ತಕ್ಕಡಿ. ಮಾರ್ಷಲ್ ನನ್ನ ಡಬ್ಬಿಯಿಂದಲೇ ಪೆಲ್ಲೆಟ್ ತೆಗೆದು ತೂಗಿದರು. ಮೊದಲ ಗುಂಡಿನ ವೇಗ 806 ಅಡಿ. ಅವರು ಏನೂ ಮಾತಾಡಲಿಲ್ಲ, ಇನ್ನೊಂದು ಹಾಕು ಅಂತ ಸನ್ನೆ ಮಾಡಿದರು. ಮತ್ತೆ 806ರ ಆಸುಪಾಸೇ. ಲೆಕ್ಕ ಹಾಕಿದರೆ 12.18. ಅಲ್ಲಿಗೆ ನನ್ನ ಆಟ ಮುಗೀತು.

ಅದೇ ರೈಫಲ್, ಅದೇ ಪೆಲ್ಲೆಟ್, 36 ಅಡಿ ಜಾಸ್ತಿ ಹೇಗೆ? ಮಾರ್ಷಲ್ ಸಿಲಿಂಡರಿನ ಗೇಜ್ ತೋರಿಸಿದರು. ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು. ರೆಗ್ಯುಲೇಟರ್ ಇಲ್ಲದ ರೈಫಲ್‌ನಲ್ಲಿ ಸಿಲಿಂಡರ್ ಪೂರ್ತಿ ತುಂಬಿದಾಗ ಗಾಳಿಯ ಒತ್ತಡವೇ ವಾಲ್ವನ್ನು ಬಿಗಿಯಾಗಿ ಮುಚ್ಚಿಟ್ಟಿರುತ್ತದೆ. ಹ್ಯಾಮರ್ (ಟ್ರಿಗರ್ ಎಳೆದಾಗ ವಾಲ್ವಿಗೆ ಬಡಿಯುವ ಭಾಗ) ಹೊಡೆದರೂ ವಾಲ್ವ್ ಸ್ವಲ್ಪವೇ ತೆರೆಯುತ್ತದೆ, ವೇಗ ಕಮ್ಮಿ ಬರುತ್ತದೆ. ಶಾಟ್ ಹೊಡೆಯುತ್ತಾ ಹೋದಂತೆ ಒತ್ತಡ ಇಳಿಯುತ್ತದೆ, ವಾಲ್ವ್ ಜಾಸ್ತಿ ಹೊತ್ತು ತೆರೆದಿರುತ್ತದೆ, ವೇಗ ಏರುತ್ತದೆ. ಗಾಳಿ ತೀರಾ ಕಮ್ಮಿಯಾದ ಮೇಲೆ ಮತ್ತೆ ಇಳಿಯುತ್ತದೆ. ಅಂದರೆ ನಡುವೆ ಒಂದು ಗುಡ್ಡ. ಅಂಗಡಿಯವರು ಅಳೆದಿದ್ದು ಗುಡ್ಡದ ಬುಡದಲ್ಲಿ, ಮೈದಾನದಲ್ಲಿ ಅಳೆದಿದ್ದು ನೆತ್ತಿಯಲ್ಲಿ. ಇದು ದಿನಾ ರೈಫಲ್ ಬಿಚ್ಚಿ ಕೂಡಿಸುವ ಡೀಲರ್‌ಗೆ ಗೊತ್ತಿರಲಿಲ್ಲ ಅಂದರೆ ನಾನಂತೂ ನಂಬೋದಿಲ್ಲ.

ಆಮೇಲೆ ಅಂಗಡಿಗೆ ಹೋಗಿ ನೋಡಿದರೆ ಅವರ ಕ್ರೋನೋ ಬೆಳಕಿನ ಸೆನ್ಸರ್ ಇರುವಂಥದ್ದು, ಅದೂ ಟ್ಯೂಬ್‌ಲೈಟ್ ಕೆಳಗೆ. ಮಿಣುಕುವ ಬೆಳಕಿನಲ್ಲಿ ಅಂಥ ಯಂತ್ರ ಸುಳ್ಳು ಓದುತ್ತದೆ. ವೇಗದಲ್ಲಿ ಶೇಕಡಾ 1 ತಪ್ಪಾದರೆ ಶಕ್ತಿಯಲ್ಲಿ ಶೇಕಡಾ 2 ತಪ್ಪು, ಯಾಕೆಂದರೆ ಸೂತ್ರದಲ್ಲಿ ವೇಗದ ವರ್ಗ ಬರುತ್ತದೆ. ಮಿತಿಯ ಹತ್ತಿರ ಅದು ಸಣ್ಣ ವಿಷಯ ಅಲ್ಲ.

ನಿಮಗೆ ನೀವೇ ಲೆಕ್ಕ ಹಾಕಿ. ಪೆಲ್ಲೆಟ್ ತೂಕ ಗ್ರೇನ್‌ನಲ್ಲಿ, ಅದನ್ನು ವೇಗದ ವರ್ಗದಿಂದ ಗುಣಿಸಿ, 450240ರಿಂದ ಭಾಗಿಸಿ. 8.44 ಗ್ರೇನ್ ಪೆಲ್ಲೆಟ್ 800 ಅಡಿ ಹೋದರೆ ಹೆಚ್ಚುಕಡಿಮೆ 12 ಬರುತ್ತದೆ. 10.34 ಗ್ರೇನ್‌ನದಾದರೆ 723ಕ್ಕೇ ಗೆರೆ ಮುಟ್ಟುತ್ತದೆ. ಪಿಸಿಪಿಯಲ್ಲಿ ಸಾಮಾನ್ಯವಾಗಿ ಭಾರದ ಪೆಲ್ಲೆಟ್‌ಗೆ ಶಕ್ತಿ ಜಾಸ್ತಿ ಸಿಗುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಿ ಹೆಚ್ಚಾಗಿ ಉಲ್ಟಾ, ಹಗುರದ್ದಕ್ಕೇ ಜಾಸ್ತಿ. ಪೊಲೀಸರು ಟೆಸ್ಟ್ ಮಾಡಿಸಿದರೆ ನಿಮ್ಮ ಇಷ್ಟದ ಪೆಲ್ಲೆಟ್ ಒಂದರಲ್ಲೇ ಮಾಡ್ತಾರೆ ಅಂದುಕೊಳ್ಳಬೇಡಿ. ಹೊಸದಾಗಿ ಎಣ್ಣೆ ಹಾಕಿದ ಸ್ಪ್ರಿಂಗ್ ರೈಫಲ್ ಬಗ್ಗೆ ಇನ್ನೊಂದು ಮಾತು: ಒಳಗೆ ಎಣ್ಣೆ ಹೊತ್ತಿಕೊಂಡು ಮೊದಲ ಕೆಲವು ಗುಂಡು ಸಿಕ್ಕಾಪಟ್ಟೆ ಜೋರಾಗಿ ಹೋಗುತ್ತವೆ.

ಹಾಗಾಗಿ ಕೊಳ್ಳುವಾಗ ಒಂದು ಸಂಖ್ಯೆ ಕೇಳಬೇಡಿ, ಪೂರ್ತಿ ಸಾಲು ಕೇಳಿ. ಸಿಲಿಂಡರ್ ತುಂಬಿಸಿ ಖಾಲಿಯಾಗುವವರೆಗೂ ನಿಮ್ಮ ಕಣ್ಣೆದುರೇ ಹೊಡೆದು ಪ್ರತಿ ಶಾಟ್ ಬರೆಸಿಕೊಳ್ಳಿ. ಹಗುರ, ಭಾರ ಎರಡೂ ಪೆಲ್ಲೆಟ್ ಹಾಕಿಸಿ. ‘ಅಷ್ಟೆಲ್ಲಾ ಟೈಮ್ ಇಲ್ಲ’ ಅಂದರೆ ಸುಮ್ನೆ ಎದ್ದು ಬನ್ನಿ. ಸಾಲಿನ ಅತಿ ದೊಡ್ಡ ಸಂಖ್ಯೆ 11.5ರ ಆಚೆಗಿದ್ದರೆ ನಾನಾದರೆ ತಗೊಳ್ಳೋದಿಲ್ಲ.

ಕರ್ನಾಟಕದಲ್ಲಿ ಕೂತು ಓದುತ್ತಿರುವವರಿಗೆ: ಭಾರತದಲ್ಲಿ 2016ರ ನಿಯಮದ ಗೆರೆ 20 ಜೂಲ್, ಜೊತೆಗೆ ಬೋರ್ 0.177 ಇಂಚು. 0.22 ಆದರೆ ಶಕ್ತಿ ಎಷ್ಟೇ ಕಮ್ಮಿ ಇದ್ದರೂ ಲೈಸೆನ್ಸ್ ವಿಷಯ ಬರುತ್ತದೆ.

ಅವತ್ತು ಆ ರೈಫಲನ್ನು ಕಾರಿನಲ್ಲಿ ಮನೆಗೆ ತರುವ ಧೈರ್ಯ ಬರಲಿಲ್ಲ. ಅಲ್ಲೇ ಇದ್ದ ಇನ್ನೊಬ್ಬ ಡೀಲರ್ ಅದನ್ನು ತಮ್ಮ ರಿಜಿಸ್ಟರಿಗೆ ಹತ್ತಿಸಿಕೊಂಡು ಒಯ್ದರು. ಮಾರಿದ ಅಂಗಡಿಯವರದು ಒಂದೇ ಹಾಡು: ‘ನಮ್ಮಲ್ಲಿದ್ದಾಗ ಸರಿ ಇತ್ತು.’ ದುಡ್ಡು ವಾಪಸ್ ಇಲ್ಲ. ಹೊಸ ಡೀಲರ್ ರೆಗ್ಯುಲೇಟರ್ ಕೂರಿಸಿ, ಹ್ಯಾಮರ್ ಸ್ಪ್ರಿಂಗ್ ಸಡಿಲಿಸಿ 11.3ಕ್ಕೆ ತಂದಿದ್ದಾರೆ. ಹಾಗಂತ ಚಿಂತೆ ತಪ್ಪಿಲ್ಲ. ರೆಗ್ಯುಲೇಟರ್ ಸವೆದರೆ ರಾತ್ರಿಯಿಡೀ ಒತ್ತಡ ಒಳಗೊಳಗೇ ಏರಿ ಬೆಳಗಿನ ಮೊದಲ ಗುಂಡು ಜೋರಾಗಿ ಹೋಗುತ್ತದಂತೆ. ಅದಕ್ಕೇ ಈಗ ಕ್ಲಬ್‌ಗೆ ಹೋದಾಗೆಲ್ಲ ಮೊದಲ ಗುಂಡನ್ನು ಕ್ರೋನೋ ಮೇಲೆಯೇ ಹೊಡೆಯುತ್ತೇನೆ.