ಸವಳು ಹೊಲಕ್ಕೆ ಇಸಿ ಮೀಟರ್: ಒಂದು ಬೆಳೆ ಬಳಸಿದ ಮೇಲೆ

ನಮ್ಮದು ನರಗುಂದ ಕಡೆ ಎರಿ (ಕಪ್ಪು ಮಣ್ಣಿನ) ಹೊಲ. ಮಲಪ್ರಭಾ ಕಾಲುವೆ ನೀರು ಹರಿದು ಹರಿದು ತಗ್ಗಿನ ಭಾಗ ಸವಳಾಗಿದೆ, ಬೇಸಿಗೆಯಲ್ಲಿ ಮೇಲೆ ಬೆಳ್ಳಗೆ ಉಪ್ಪು ಕಾಣುತ್ತದೆ. ಹೋದ ವರ್ಷ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಪೆನ್ನಿನಂಥ ಇಸಿ ಮೀಟರ್ ತಂದೆ, ನೀರಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆದು ಉಪ್ಪು ಎಷ್ಟಿದೆ ಅಂತ ತೋರಿಸುವ ಸಾಧನ.

ಮೊದಲ ವಾರ ಸಿಟ್ಟೇ ಬಂತು. ಅದೇ ನೀರು, ಬೆಳಿಗ್ಗೆ ಒಂದು ಲೆಕ್ಕ, ಸಂಜೆ ಇನ್ನೊಂದು. 1.413 (ಮಿಲಿಸೀಮೆನ್ಸ್/ಸೆಂ.ಮೀ., ಇಲ್ಲಿನ ಇಸಿ ಲೆಕ್ಕವೆಲ್ಲ ಇದರಲ್ಲೇ) ಅಂತ ಬರೆದಿರುವ ದ್ರಾವಣದಲ್ಲಿ ಅದ್ದಿ ಮೀಟರ್ ಸರಿ ಮಾಡ್ಕೋಬೇಕು ಅಂತ ಅಂಗಡಿಯವರು ಹೇಳಿರಲೇ ಇಲ್ಲ, ಆ ಬಾಟಲಿಗೆ ಬೇರೆ ದುಡ್ಡು.

ಒಣ ಮಣ್ಣು ತೂಕದಲ್ಲಿ 1 ಪಾಲು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು 5 ಪಾಲು ಹಾಕಿ ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಟ್ಟು ಅಳೆಯಬೇಕು. ನನಗೆ 0.8 ಬಂತು. 4 ದಾಟಿದರೆ ತಾನೇ ಸವಳು ಅಂತ ಖುಷಿಪಟ್ಟೆ. ಆದರೆ ಆ 4 ಕೆಸರು ಹದದ ಮಣ್ಣಿನಿಂದ ತೆಗೆದ ನೀರಿನ ಲೆಕ್ಕ! ನಮ್ಮ ಲೆಕ್ಕವನ್ನು ಎರಿ ಮಣ್ಣಿಗೆ ಸುಮಾರು 6ರಿಂದ ಗುಣಿಸಬೇಕಂತೆ. ಅಂದರೆ 4.8. ಆಗ ಗೊತ್ತಾಯ್ತು ಉಳ್ಳಾಗಡ್ಡಿ ಯಾಕೆ ಕೈಕೊಟ್ಟಿತು ಅಂತ. ಆ ಕೆಸರು ಹದದ ಲೆಕ್ಕದಲ್ಲಿ ಅದರ ಇಳುವರಿ 1.2 ದಾಟಿದರೇ ಇಳಿಯುತ್ತದೆ, ಹತ್ತಿ 7.7ರ ತನಕ ತಡೆಯುತ್ತದೆ.

ಹತ್ತಿಯೂ ಮೊಳಕೆಯಲ್ಲಿ ಮೆತ್ತಗೇ. ಉಪ್ಪಿಗೆ ಹೊಂದಿಕೊಳ್ಳಲು ಗಿಡಕ್ಕೆ ದಿನ ಬೇಕು. ಹೊರಗಿನ ಉಪ್ಪು ನೀರನ್ನು ಹಿಡಿದಿಟ್ಟುಕೊಂಡರೂ ತನಗೆ ನೀರು ಸಿಗಲಿ ಅಂತ ಗಿಡ ಕೋಶಗಳಲ್ಲಿ ಪ್ರೋಲಿನ್ (ಒಂದು ಅಮೈನೋ ಆಮ್ಲ), ಸಕ್ಕರೆಯಂಥವನ್ನು ಕೂಡಿಡುತ್ತದೆ, ಒಳಗೆ ನುಗ್ಗಿದ ಸೋಡಿಯಂ ಅನ್ನು ಕೋಶದೊಳಗಿನ ಚೀಲದಲ್ಲಿ ತುಂಬುತ್ತದೆ. ಹಳೆ ಎಲೆಗಳಲ್ಲಿ ಉಪ್ಪು ಜಾಸ್ತಿ ಸೇರಿ ಅಂಚು ಸುಡುವುದು ಅದಕ್ಕೇ, ನಾನು ಸುಮ್ನೆ ರೋಗ ಅಂತ ಔಷಧ ಹೊಡೆಯುತ್ತಿದ್ದೆ. ಇಷ್ಟಕ್ಕೆಲ್ಲ ಶಕ್ತಿ ಖರ್ಚಾಗುತ್ತದೆ, ಗಿಡ ಗಿಡ್ಡವೇ ಉಳಿಯುತ್ತದೆ.

ಮೀಟರಿನ ದುಡ್ಡು ವಸೂಲಾಗಿದ್ದು ಬೋದಿನಲ್ಲಿ (ಸಾಲುಗಳ ನಡುವಿನ ಮಣ್ಣಿನ ಏರಿ). ಸಾಲಿಗೆ ನೀರು ಬಿಟ್ಟರೆ ಉಪ್ಪು ಏರಿ ಬೋದಿನ ನೆತ್ತಿಯಲ್ಲಿ ಕೂರುತ್ತದೆ. ನೆತ್ತಿಯ ಮಣ್ಣು, ಪಕ್ಕದ ಮಣ್ಣು ಎರಡನ್ನೂ ಅಳೆದೆ, ವ್ಯತ್ಯಾಸ ಚೆನ್ನಾಗೇ ಕಂಡಿತು. ಈ ಸಲ ಬೀಜವನ್ನು ಪಕ್ಕಕ್ಕೆ ಊರಿದೆ, ಮೊಳಕೆ ಹೆಚ್ಚು ಉಳಿಯಿತು.

ಒಂದು ಕೊರತೆ ಇದೆ. ಉಪ್ಪು ಎಷ್ಟು ಅನ್ನುತ್ತದೆ, ಯಾವುದು ಅನ್ನುವುದಿಲ್ಲ. ಸೋಡಿಯಂ ಜಾಸ್ತಿ ಇದೆಯಾ, ಅದಕ್ಕೆ ಜಿಪ್ಸಮ್ ಹಾಕಬೇಕಾ ಅಂತ ತಿಳಿಯಲು ಪ್ರಯೋಗಾಲಯಕ್ಕೇ ಮಣ್ಣು ಕೊಡಬೇಕು. ಮುಚ್ಚಳವೂ ಸಡಿಲ, ಜೇಬಿನಲ್ಲಿ ಎರಡು ಸಲ ಕಳಚಿತು. 5ಕ್ಕೆ 4.