ಆಸಾ ರಾಗದ ಆನ್‌ಲೈನ್ ತರಗತಿ: ಹನ್ನೆರಡು ವಾರಗಳ ನಂತರ

ಸಿಖ್ ಕೀರ್ತನ ಪರಂಪರೆಯ ಆಸಾ ರಾಗವೊಂದನ್ನೇ ಹನ್ನೆರಡು ವಾರಗಳ ಕಾಲ ಕಲಿಸುವ ಆನ್‌ಲೈನ್ ತರಗತಿಯೊಂದನ್ನು ಕಳೆದ ವಾರ ಮುಗಿಸಿದೆ. ವಾರಕ್ಕೆ ಒಂದು ಧ್ವನಿಮುದ್ರಿತ ಪಾಠ, ಒಂದು ನೇರ ತರಗತಿ. ಕಲಿಸಿದವರು ಅಮೃತಸರದಲ್ಲಿ ಕೀರ್ತನ ಕಲಿತು, ಕಮಾನಿನಿಂದ ನುಡಿಸುವ ತಂತಿವಾದ್ಯ ದಿಲ್‌ರುಬಾವನ್ನು ನುಡಿಸುತ್ತಾ ಹಾಡುವ ಹಿರಿಯರು.

ಕರ್ನಾಟಕ ಸಂಗೀತ ಬಲ್ಲವರಿಗೆ ಆಸಾದ ಸ್ವರಗಳನ್ನು ಕಂಡೊಡನೆ ಆರಭಿ ರಾಗ ನೆನಪಾಗುತ್ತದೆ. ಆರೋಹಣದಲ್ಲಿ ಗಾಂಧಾರ, ನಿಷಾದಗಳಿಲ್ಲ. ಅವರೋಹಣದಲ್ಲಿ ಏಳೂ ಇವೆ. ಎಲ್ಲವೂ ಶಂಕರಾಭರಣದ ಸ್ವರಗಳೇ. ನಾನೂ ಆ ಧೈರ್ಯದಿಂದಲೇ ಹಾಡಲು ಹೊರಟೆ, ಎರಡನೆಯ ವಾರವೇ ಗುರುಗಳು ತಡೆದರು. ಆರಭಿಯ ರಭಸದಲ್ಲಿ ನಾನು ಗಾಂಧಾರವನ್ನು ಮಧ್ಯಮಕ್ಕೆ ಅಂಟಿಸಿ ಜಾರಿಬಿಡುತ್ತಿದ್ದೆ. ಆಸಾದಲ್ಲಿ ಮಧ್ಯಮವೇ ವಾದಿ, ಅಂದರೆ ರಾಗದ ಪ್ರಧಾನ ಸ್ವರ. ಅಲ್ಲಿ ನೆಮ್ಮದಿಯಾಗಿ ನಿಂತು, ಗಾಂಧಾರಕ್ಕೆ ಇಳಿದು, ‘ಸಾ ರೆ ಗ ಸಾ’ ಎಂದು ಷಡ್ಜಕ್ಕೆ ಬಂದು ಸೇರಬೇಕು. ಈ ಪುಟ್ಟ ಸಂಚಾರಕ್ಕೆ ಅವರು ಒಂದಿಡೀ ನೇರ ತರಗತಿಯನ್ನು ಮೀಸಲಿಟ್ಟು, ಪ್ರತಿಯೊಬ್ಬರಿಂದಲೂ ಹಾಡಿಸಿ, ತಪ್ಪಿದಾಗಲೆಲ್ಲ ಮಾತಾಡದೆ ದಿಲ್‌ರುಬಾದಲ್ಲಿ ಅದನ್ನೇ ಮತ್ತೆ ನುಡಿಸಿ ತೋರಿಸಿದರು. ಕೊಟ್ಟ ಶುಲ್ಕ ಆ ಒಂದು ಸಂಜೆಗೇ ಸಂದಿತು ಎನಿಸಿತು.

ಇನ್ನೊಂದು ದೊಡ್ಡ ಗುಣವೆಂದರೆ ರಾಗವನ್ನು ಸಾಹಿತ್ಯದಿಂದ ಬೇರ್ಪಡಿಸದಿರುವುದು. ಸಿಖ್ಖರ ಧರ್ಮಗ್ರಂಥವಾದ ಗುರು ಗ್ರಂಥ ಸಾಹಿಬ್‌ನ 31 ರಾಗಗಳಲ್ಲಿ ಆಸಾಕ್ಕೆ ಸಂದಿರುವುದು 347ರಿಂದ 488ರವರೆಗಿನ ಪುಟಗಳು. ಅಲ್ಲಿನ ಪದಗಳಲ್ಲಿ ‘ರಹಾವು’ ಎಂದು ಗುರುತು ಮಾಡಿದ ಸಾಲು ಬರೆಹದಲ್ಲಿ ಸಾಮಾನ್ಯವಾಗಿ ಮೊದಲ ಪದ್ಯದ ನಂತರ ಬಂದರೂ ಹಾಡುವಾಗ ಅದೇ ನಮ್ಮ ಪಲ್ಲವಿಯ ಸ್ಥಾನದಲ್ಲಿ ನಿಲ್ಲುತ್ತದೆ. ಉಳಿದ ಸಾಲುಗಳು ಚರಣಗಳಂತೆ ಬಂದು ಮತ್ತೆ ಅದಕ್ಕೇ ಮರಳುತ್ತವೆ. ಆ ಸಾಲಿನ ಅರ್ಥವನ್ನು ಬಿಡಿಸಿ ಹೇಳದೆ ಗುರುಗಳು ಒಂದು ಸ್ವರವನ್ನೂ ಹಾಡಿಸಲಿಲ್ಲ.

ಕೊನೆಯ ನಾಲ್ಕು ವಾರಗಳು ‘ಆಸಾ ದಿ ವಾರ್’ಗೆ ಮೀಸಲು. ಗುರುನಾನಕರ 24 ಪೌಡಿಗಳ (ಪದ್ಯಭಾಗಗಳ) ಈ ರಚನೆಯನ್ನು ಬೆಳಗಿನ ಜಾವ ಹಾಡುತ್ತಾರೆ. ನಡುನಡುವೆ ಸಿಖ್ಖರ ನಾಲ್ಕನೆಯ ಗುರು ರಾಮದಾಸರ ಛಂತ್ ಎಂಬ ಪದ್ಯಗಳು ಸೇರುತ್ತವೆ. ಸಂಜೆಯ ಪ್ರಾರ್ಥನೆ ‘ರೆಹರಾಸ್’ನಲ್ಲಿ ಬರುವ ‘ಸೋದರ್’ ಎಂಬ ಪದ ಕೂಡ ಇದೇ ರಾಗದ್ದು. ಹಗಲಿನ ಎರಡೂ ಅಂಚುಗಳಿಗೆ ಒಂದೇ ರಾಗ ಒಪ್ಪುವುದು ಹೇಗೆಂಬುದನ್ನು ಎರಡನ್ನೂ ಒಂದೇ ತರಗತಿಯಲ್ಲಿ ಹಾಡಿ ತೋರಿಸಿದರು. ಇಷ್ಟು ವಿಸ್ತಾರವಾದ ವಸ್ತುವಿಗೆ ನಾಲ್ಕು ವಾರ ಸಾಲದು; ಮೂರು ಪೌಡಿಗಳಷ್ಟೇ ಸರಿಯಾಗಿ ಕೈಗೆ ಹತ್ತಿದವು.

ಧ್ವನಿಮುದ್ರಿತ ಪಾಠಗಳು ಮಾತ್ರ ಈ ಬೋಧನೆಗೆ ತಕ್ಕವಲ್ಲ. ಅವುಗಳಲ್ಲಿ ಹಾರ್ಮೋನಿಯಂ ಕಂಠಕ್ಕಿಂತ ಜೋರಾಗಿದೆ. ಮಧ್ಯಮದಿಂದ ಗಾಂಧಾರಕ್ಕೆ ಜಾರುತ್ತಾ ಬರುವ ಮೀಂಡ್ ಅದರ ಮನೆಗಳಲ್ಲಿ ಹುಟ್ಟುವುದೇ ಇಲ್ಲವಾದ್ದರಿಂದ, ನೇರ ತರಗತಿಯಲ್ಲಿ ಕಲಿತದ್ದನ್ನು ಮನೆಯಲ್ಲಿ ಅಭ್ಯಾಸ ಮಾಡುವಾಗ ಕಳೆದುಕೊಳ್ಳುವ ಅಪಾಯವಿದೆ. ಸಾಹಿತ್ಯವನ್ನು ಗುರುಮುಖಿ ಲಿಪಿಯಲ್ಲಷ್ಟೇ ಕೊಡುತ್ತಾರೆ; ದೇವನಾಗರಿಯಲ್ಲಾದರೂ ಬೇಕೆಂದು ಎರಡು ಬಾರಿ ಬರೆದರೂ ಉತ್ತರ ಬರಲಿಲ್ಲ.

ಸ್ವರಜ್ಞಾನವಿರುವವರು ಧೈರ್ಯವಾಗಿ ಸೇರಬಹುದು, ಆದರೆ ಗುರುಮುಖಿ ಅಕ್ಷರಗಳನ್ನು ಮೊದಲೇ ಕಲಿತಿರಲಿ. ಅಭ್ಯಾಸಕ್ಕೆ ಆ ಮುದ್ರಿಕೆಗಳನ್ನು ಬದಿಗಿಟ್ಟು, ತಂಬೂರಿಯ ಶ್ರುತಿಯೊಂದನ್ನೇ ಇಟ್ಟುಕೊಳ್ಳಲಿ.